ಡೆನ್ಮಾರ್ಕಿನ ಹಂದಿ ತಿಂದ ನನ್ನ ಚರಗ

ನಮ್ಮ ಸುವರ್ಣಾಳ ಹೆಸರು ಬಂದದ. ಮೂರು ದೇಶದಿಂದ ಹೋದವರೊಳಗ ಒಬ್ಬರನ್ನ ಆರಿಸ್ತೇವಿ ಅಂದಿದ್ರು, ಆ ಒಬ್ಬಾಕಿ ನನ್ನ ಮೊಮ್ಮಗಳು. ಇವತ್ತ ಮುಂಜಾನಿ ನಾನು ಎಮ್ಮಿಗೆ ಹಿಂಡಿ ಕಲಸಾಕತ್ತಿದ್ದೆ. ಮೊಬೈಲ್ ಹಿಡಕೊಂಡು ಓಡಿ ಬಂದು "ಆಯಿ, ಆತು" ಅಂದಳು. ಅಷ್ಟ ಅಂದಳು. ನನ್ನ ಕೈಯಾಗಿನ ಬುಟ್ಟಿ ಅಲ್ಲೇ ಬಿತ್ತು. ಎಮ್ಮಿ ತಿನ್ನೋದು ಬಿಟ್ಟು ನಮ್ಮಿಬ್ಬರ ಮಾರಿ ನೋಡ್ತು.

ನಾನು ಅತನೂರಿನ ಶಾಂತಾಬಾಯಿ. ಮೂರನೇ ಇಯತ್ತೆ ತನಕ ಓದಿದಾಕಿ, ಅಕ್ಷರ ಸೊಟ್ಟ ಅವ. ಆದ್ರ ಖುಷಿ ಎದಿಯಾಗ ಹಿಡಿಸವಲ್ದು, ಎಲ್ಲರೆ ಸುರವಬೇಕು, ಅದಕ್ಕ ಬರೀಲಿಕ್ಕೆ ಕುಂತೇನಿ. ಈ ಖುಷಿ ಹಿಂದ ಒಂದು ಗುನ್ನೇದ ಕತಿ ಅದ. ಗುನ್ನೆ ಮಾಡಿದಾಕಿ ನಾನ. ಮನ್ಯಾಗ ಯಾರಿಗೂ ಇವತ್ತಿನ ತನಕ ಹೇಳಿದ್ದಿಲ್ಲ.

ಹೋಗಿದ್ದು ಯಾಕ

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನ ಹೆಣ್ಮಕ್ಕಳದು ಒಂದು ಸಂಘ ಅದ. ನಮ್ಮ ಕಡೆ ತೊಗರಿ ರಾಶಿ ಆದ ಮ್ಯಾಲ ಕಟಗಿ ಹೊಲದಾಗ ಸುಡ್ತಾರ. ಕಬ್ಬು ಕಡದ ಮ್ಯಾಲ ಉಳಿಯೋ ಒಣ ಎಲಿ, ರವದಿಗೆ ಬೆಂಕಿ ಹಚ್ಚತಾರ. ಸಂತಿ ಮುಗೀತಂದ್ರ ಕೊಳೆತ ಕಾಯಿಪಲ್ಲೆ ಹಳ್ಳಕ್ಕ ಚೆಲ್ಲತಾರ. ಮುಂದ ಅದೇ ಮಂದಿ ಗೊಬ್ಬರದ ಚೀಲಕ್ಕ ಅಂಗಡಿ ಮುಂದ ಪಾಳಿ ಹಚ್ಚತಾರ. ನಾನು ಸಣ್ಣಾಕಿದ್ದಾಗ ಹೊಲದಿಂದ ಬಂದದ್ದೆಲ್ಲಾ ತಿಪ್ಪಿಗೆ ಹೋಗ್ತಿತ್ತು, ತಿಪ್ಪಿಯಿಂದ ತಿರಗಿ ಹೊಲಕ್ಕ. ಈಗ ತಿಪ್ಪಿ ಇದ್ದ ಜಾಗದಾಗ ಮೋಟಾರ್ ಸೈಕಲ್ ನಿಂತಿರ್ತಾವ.

ಸಂಘದ ವಿಚಾರ ಏನಂದ್ರ, ಮೂರೂ ತಾಲೂಕಿನ ಸೆಗಣಿ, ರವದಿ, ಸಂತಿ ಕಸ ಎಲ್ಲಾ ಒಂದು ದೊಡ್ಡ ಗ್ಯಾಸ್ ಪ್ಲಾಂಟಿಗೆ ಹಾಕಿ, ಗ್ಯಾಸ್ ಒಲಿಗೆ ತಗೊಂಡು, ಉಳಿದ ರಾಡಿ ಗೊಬ್ಬರ ಅಂತ ಹೊಲಕ್ಕ ವಾಪಸ್ ಕೊಡೋದು. ಅಷ್ಟು ದೊಡ್ಡದು ನಡಸೋ ವಿದ್ಯೆ ನಮ್ಮೊಳಗ ಯಾರಿಗೂ ಇದ್ದಿಲ್ಲ. ಡೆನ್ಮಾರ್ಕ್ ದೇಶದಾಗಿನ ಒಂದು ಹಳ್ಳಿ ರೈತರ ಸಹಕಾರಿ, ಒಬ್ಬರಿಗೆ ಒಂದು ವರ್ಷ ಕಲಿಸಿ ಕಳಸ್ತೇವಿ ಅಂತು. ಸುವರ್ಣಾ ಕೃಷಿ ಡಿಪ್ಲೊಮಾ ಮಾಡ್ಯಾಳ, ಸಂಘದ ಕಾಗದ ಪತ್ರ ಎಲ್ಲಾ ಈಕಿನೇ ನೋಡ್ತಾಳ. ಆರಿಸೋಕಿಂತ ಮೊದಲ ಎರಡು ವಾರ ಬಂದು ಇದ್ದು ಹೋಗ್ರಿ, ಸಂಘದ ಒಬ್ಬ ಹಿರೇರನ್ನೂ ಕರಕೊಂಡು ಬರ್ರಿ ಅಂದ್ರು. ಹಿರೇರು ಅಂದ್ರ ನಾನು. ಈಕಿಗೆ ಸಿಗಲಿಲ್ಲಂದ್ರ ನಮ್ಮ ಪ್ಲಾಂಟೂ ಇಲ್ಲ. ಅಷ್ಟು ನನಗ ಚಂದಾಗಿ ಗೊತ್ತಿತ್ತು.

ಹೋಗೋ ದಿನ ನನ್ನ ಮಗ ಶಿವಶರಣ, ಅಂದ್ರ ಸುವರ್ಣಾಳ ಅಪ್ಪ, ಕೈ ಮುಗದು ಹೇಳಿದ. "ಯವ್ವಾ, ಅಲ್ಲಿ ಸುಮ್ಮನ ಕುಂದರು. ಎಲ್ಲಾದಕ್ಕೂ ಕೈ ಹಾಕಬ್ಯಾಡ."

"ಹಾಕಂಗಿಲ್ಲೋ ಮಾರಾಯಾ" ಅಂದಿದ್ದೆ.

ಮೊದಲ ದಿನ, ಚಾದಂಗಡಿ ಮುಂದ

ಅಲ್ಲಿ ಚಳಿ ಅಂದ್ರ ನಮ್ಮ ಪುಷ್ಯ ಮಾಸದ ಚಳಿ ಅಲ್ಲ. ಮೂಗು ಅದ ಇಲ್ಲ ಅಂತ ಮುಟ್ಟಿ ಮುಟ್ಟಿ ನೋಡ್ಕೋಬೇಕು. ಸುವರ್ಣಾಳ ಜರ್ಕಿನ್ನು, ಅದರ ಮ್ಯಾಲ ನನ್ನ ಸೀರಿ ಸೆರಗು, ಅದರ ಮ್ಯಾಲ ಕಂಬಳಿ. ಊರಿನ ಪ್ಯಾಟಿಯೊಳಗ ಇಳಿದ್ವಿ. ಒಂದು ಚಾದಂಗಡಿ ಮುಂದ ನಾಕು ಕೂಸಿನ ಗಾಡಿ ನಿಂತಿದ್ವು. ಅಂಗಡಿಯೊಳಗ ಅಷ್ಟು ದೀಪ, ಅಷ್ಟು ನಗು. ಹೊರಗ ಹಿಮ ಬೀಳಾಕತ್ತಿತ್ತು. ಗಾಡಿ ಖಾಲಿ ಇರಬೇಕಂತ ಬಗ್ಗಿ ನೋಡಿದ್ರ, ಒಳಗ ಕೂಸು. ಮಲಗ್ಯಾವ. ಗಲ್ಲ ಕೆಂಪಗಾಗಿ, ಉಸಿರು ಹೊಗಿ ಹೊಗಿ ಬರ್ಲಿಕತ್ತದ.

ಯಾರೋ ಪಾಪಿಗಳು ಬಿಟ್ಟು ಹೋಗ್ಯಾರಂತ ಒಂದು ಕೂಸಿನ ಹೊದಿಕಿಗೆ ಕೈ ಹಾಕೇಬಿಟ್ಟೆ. ಸುವರ್ಣಾ ನನ್ನ ರಟ್ಟಿ ಹಿಡದು ಜಗ್ಗಿದಳು.

"ಆಯಿ, ಬಿಡು. ಅವರವ್ವಗೋಳು ಒಳಗ ಚಾ ಕುಡೀಲಿಕತ್ತಾರ."

"ಕೂಸಿಗೆ ಹಿಮದಾಗ ಬಿಟ್ಟು?"

"ಹೊರಗಿನ ಗಾಳಿಯೊಳಗ ಚಂದ ನಿದ್ದಿ ಬರ್ತದಂತ. ಇಲ್ಲಿ ಪದ್ಧತಿನೇ ಹಂಗ."

"ಕದ್ಕೊಂಡು ಹೋದ್ರ?"

"ಈಗ ಕದೀಲಿಕ್ಕೆ ಹೊಂಟಾಕಿ ನೀನೊಬ್ಬಾಕಿನೇ" ಅಂದಳು.

ನಾನು ದಂಗಾಗಿ ಅಲ್ಲೇ ನಿಂತೆ. ಒಬ್ಬಾಕಿ ಹೊರಗ ಬಂದು, ಕೂಸಿನ ಟೊಪ್ಪಿಗಿ ನೆಟ್ಟಗ ಮಾಡಿ, ನನಗ ನಕ್ಕು, ಮತ್ತ ಒಳಗ ಹೋದಳು. ಚಾ ಮುಗಸಾಕ.

ಕಾರೆನ್ ಮನಿ

ನಮಗ ಇಳಸಿದ್ದು ಹೆನ್ರಿಕ್, ಕಾರೆನ್ ಅನ್ನೋ ಗಂಡ ಹೆಂಡತಿ ಮನ್ಯಾಗ. ಸಹಕಾರಿಯೊಳಗ ಅವರೂ ಸದಸ್ಯರು. ಎರಡು ನೂರು ಆಕಳ, ಹಂದಿ, ಹೊಲ. ಅಷ್ಟು ಇದ್ದವರ ಮನ್ಯಾಗ ಒಬ್ಬ ಆಳಿಲ್ಲ. ಹೆನ್ರಿಕ್ ನಸುಕಿನಾಗ ಎದ್ದು ತಾನೇ ಕೊಟ್ಟಿಗಿ ತೊಳೀತಾನ, ಬಂದು ತಾನೇ ಕಾಫಿ ಕಾಸಿ ನನ್ನ ಮುಂದ ಇಡ್ತಾನ. ನಮ್ಮೂರಾಗ ಇಪ್ಪತ್ತು ಎಕರೆ ಇದ್ದವರು ಸೆಗಣಿ ಬುಟ್ಟಿ ಮುಟ್ಟಿದ್ದು ನಾನು ಕಂಡಿಲ್ಲ. ಮೊದಲೆರಡು ದಿನ ಅವನ ಕೈಯಿಂದ ಕಾಫಿ ಇಸ್ಕೊಳ್ಳಾಕ ನನಗೇ ನಾಚಿಕಿ ಆಗ್ತಿತ್ತು.

ಮನಿ ಒಳಗ ಬೆಚ್ಚಗಿತ್ತು, ಆದ್ರ ಒಲಿ ಎಲ್ಲೂ ಕಾಣವಲ್ದು. ಗ್ವಾಡಿಗೆ ಕಬ್ಬಿಣದ ಹಲಗಿ ಜಡದಿದ್ರು, ಮುಟ್ಟಿದ್ರ ಬಿಸಿ. ಬೇಷ್ ಆತಂತ ಅದರ ಮ್ಯಾಲ ಹಸಿ ಸೀರಿ ಹಾಕಿದೆ. ಊರಿಂದ ಒಯ್ದಿದ್ದ ಜ್ವಾಳದ ಕಟಿ ರೊಟ್ಟಿನೂ ಬೆಚ್ಚಗಾಗಲಿ ಅಂತ ಇಟ್ಟೆ. ಮೂರು ದಿನ ಆದ ಮ್ಯಾಲ ಸುವರ್ಣಾ ಹೇಳ್ತಾಳ, "ಆಯಿ, ಅದು ಸೆಗಣಿ ಬಿಸಿ." ಇಡೀ ಊರಿನ ಸೆಗಣಿಯಿಂದ ಗ್ಯಾಸ್ ತಗದು, ಅದನ್ನ ಉರಿಸಿ ನೀರು ಕಾಸಿ, ನೆಲದೊಳಗಿನ ಪೈಪಿನಾಗ ಮನಿ ಮನಿಗೆ ಕಳಸ್ತಾರಂತ. ಕುಳ್ಳಿನ ಒಲಿ ಮ್ಯಾಲ ಹುಟ್ಟಿದಾಗಿಂದ ರೊಟ್ಟಿ ಬಡದಾಕಿ ನಾನು, ನನಗೇನೂ ಅನಸಂಗಿಲ್ಲ. ಆದ್ರ ಇಷ್ಟು ಬೆಳ್ಳಗಿನ ಗ್ವಾಡಿಯೊಳಗ ಸೆಗಣಿ ಅದ ಅಂದ್ರ ನಂಬಾಕ ಹೊತ್ತು ಬೇಕಾತು.

ಅಡಗಿ ಮನ್ಯಾಗ ಒಂದು ಹಸಿರು ಚೀಲ. ಸಿಪ್ಪಿ, ಉಳಿದ ಅನ್ನ, ಕುದಿಸಿದ ಚಾಪುಡಿ, ಎಲ್ಲಾ ಅದರಾಗ. ಅದೂ ಪ್ಲಾಂಟಿಗೆ ಹೋಗ್ತದ. ನಾನು ಒಂದು ಸರ್ತಿ ಚಾಪುಡಿ ಬ್ಯಾರೆ ಡಬ್ಬಿಗೆ ಹಾಕಿದೆ. ಕಾರೆನ್ ಕೈ ಹಾಕಿ ಎತ್ತಿ ಹಸಿರು ಚೀಲಕ್ಕ ಹಾಕಿ, ಕೈ ತೊಳಕೊಂಡಳು. ಬೈದಿದ್ರ ಹಗೂರ ಅನಿಸ್ತಿತ್ತು.

ಸೆಗಣಿ ಲಾರಿ

ಪ್ಲಾಂಟಿಗೆ ಕರಕೊಂಡು ಹೋದ್ರು. ಹಸಿರು ಬಣ್ಣದ ದೊಡ್ಡ ದೊಡ್ಡ ಗುಮ್ಮಟ. ಒಂದು ಟ್ಯಾಂಕರ್ ಲಾರಿ ಬಂತು, ಹೊಟ್ಟಿಯೊಳಗಿನ ಸೆಗಣಿ ರಾಡಿ ಒಳಗ ಬಿಡ್ತು. ಹೊರಗ ಹೊಂಡೋ ಮುಂದ ಗಾಲಿಯೆಲ್ಲಾ ಔಷಧದ ನೀರಿನಾಗ ತೊಳದ್ರು. ಸೆಗಣಿ ಗಾಡಿಗೆ ಸ್ನಾನ. ನಾನು ನೋಡಿಕೋತನೇ ನಿಂತೆ. ಅದೇ ಲಾರಿ ಗ್ಯಾಸ್ ತಗದ ಗೊಬ್ಬರ ತುಂಬಿಕೊಂಡು ಇನ್ನೊಬ್ಬರ ಹೊಲಕ್ಕ ಹೋತು.

ನಾನು ತಿಪ್ಪಿ ನೋಡಿ ಹೇಳಾಕಿ. ಮೊಳಕೈ ತನಕ ಕೈ ತೂರಿಸಿ, ಒಳಗಿನ ಕಾವು ನೋಡಿ, ಇನ್ನೂ ಎಷ್ಟು ದಿನ ಅಂತ ಹೇಳ್ತೇನಿ. ಅಲ್ಲಿ ಕೈ ಹಾಕಾಕ ಜಾಗನೇ ಇಲ್ಲ, ಗಡಿಯಾರದಂಥ ಮುಳ್ಳು. ಪ್ಲಾಂಟ್ ನೋಡ್ಕೊಳ್ಳೋ ಹುಡುಗಿ ಮುಳ್ಳು ತೋರಿಸಿ ಸುವರ್ಣಾಗ ಏನೇನೋ ಹೇಳಿದಳು. ನಮ್ಮಾಕಿ ವಹಿಯೊಳಗ ಬರಕೋತ ತಿರುಗಿ ಏನೋ ಕೇಳಿದಳು. ಆ ಹುಡುಗಿ ಹುಬ್ಬು ಏರಿಸಿ, ಕುರ್ಚಿ ಜಗ್ಗಿ ಕುಂತು, ಅರ್ಧ ತಾಸು ಬಿಡಿಸಿ ಬಿಡಿಸಿ ಹೇಳಿದಳು. ಅವತ್ತ ನನಗ ಅನಿಸ್ತು, ಈಕಿಗೆ ಸಿಗ್ತದ. ಸಿಕ್ಕೇ ಸಿಗ್ತದ.

ಎಳ್ಳಮಾಸಿ

ನಾವು ಅಲ್ಲಿದ್ದಾಗನೇ ಎಳ್ಳಮಾಸಿ, ಅಂದ್ರ ಎಳ್ಳ ಅಮಾವಾಸಿ ಬಂತು. ನಮ್ಮ ಕಡೆ ಆ ದಿನ ಮನ್ಯಾಗ ಯಾರು ಇರ್ತಾರ? ಕಾಳು ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜಿ ಕಡಬು, ಶೇಂಗಾ ಹೋಳಗಿ ಬುತ್ತಿ ಕಟ್ಟಿಕೊಂಡು ಹೊಲಕ್ಕ ಹೋಗಿ, ಮೊದಲ ಹೊಲದ ನಾಕೂ ಮೂಲಿಗೆ ಊಟ ಚೆಲ್ಲಿ, ಆಮ್ಯಾಲ ನಾವು ಉಣ್ಣೋದು. ಅದಕ್ಕ ಚರಗ ಅಂತೇವಿ. ಅರವತ್ತು ವರ್ಷದಾಗ ಒಂದು ಎಳ್ಳಮಾಸಿನೂ ನಾನು ಚರಗ ತಪ್ಪಿಸಿದಾಕಿ ಅಲ್ಲ. ಹಡದು ಹನ್ನೊಂದು ದಿನ ಆಗಿದ್ದಾಗ ಕೂಸು ಕಟ್ಟಿಕೊಂಡು ಹೋಗೇನಿ.

ಅದಕ್ಕ ಸಜ್ಜಿ ಹಿಟ್ಟು ಊರಿಂದನೇ ಒಯ್ದಿದ್ದೆ. ನಸುಕಿನಾಗ ಎದ್ದು ಕಾರೆನ್ ಅಡಗಿ ಮನ್ಯಾಗ ಸಪ್ಪಳ ಆಗಲಾರದಂಗ ಕಡಬು ಮಾಡಿದೆ. ಫ್ರಿಜ್‌ನಾಗಿನ ಗಜ್ಜರಿ, ಬಟಾಣಿ ಹಾಕಿ ಭಜ್ಜಿ, ಮ್ಯಾಲ ಅವರ ಬೆಣ್ಣಿ. ಎಂಟು ಗಂಟೆ ಆದ್ರೂ ಸೂರ್ಯನ ಪತ್ತೆ ಇಲ್ಲ, ಬರೇ ಬೂದಿ ಬೆಳಕು. ತಾಟು ಹಿಡಕೊಂಡು ಹಿಂದಿನ ಹೊಲಕ್ಕ ಹೋದೆ. ನೆಲ ಬೆಳ್ಳಗ ಹೆಪ್ಪುಗಟ್ಟಿತ್ತು, ಹೆಜ್ಜಿ ಇಟ್ರ ಕರಕರ ಅಂತಿತ್ತು. ಮೂರು ಮೂಲಿಗೆ ಚೆಲ್ಲಿದೆ. ಹಾಡಿದೆ, ಕೂಗಿದೆ. ಯಾರದರೇ ಇರಲಿ, ಭೂಮಿ ಭೂಮಿನೇ.

ನಾಕನೇ ಮೂಲ್ಯಾಗ ತಗಡಿನ ಸಣ್ಣ ಗುಡಾರ ಇದ್ವು. ನಾನು ಚೆಲ್ಲಿದ್ದೇ ತಡ, ಒಳಗಿಂದ ಹಂದಿ ಹೊಂಟ್ವು. ಎಮ್ಮಿ ಕರುವಿನಷ್ಟು ಹಂದಿ. ತಂತಿ ಕೆಳಗ ಮೂತಿ ಹಾಕಿ, ಕಡಬು, ಭಜ್ಜಿ ಎಲ್ಲಾ ಎರಡು ನಿಮಿಷದಾಗ ಸಾಫ್. ನಾನು ನಗಾಕತ್ತೆ. ನಮ್ಮೂರಾಗ ಹಂದಿ ಏನೇನು ತಿಂತಾವ ಅಂತ ಬರೆಯೋ ಹಂಗಿಲ್ಲ. ಇವು ನಸೀಬ್ ಮಾಡಿದ್ವು, ಕಡಬು ತಿಂದ್ವು ಅಂದುಕೊಂಡೆ.

ಹಿಂದ ತಿರುಗಿದ್ರ ಸುವರ್ಣಾ ನಿಂತಾಳ. ಮಾರಿ ಹಿಮದಂಗ ಬಿಳುಪು.

"ಆಯಿ, ಹಂದಿ ತಿಂದ್ವು ಏನು?"

"ತಿಂದ್ವು. ಚಂದ ತಿಂದ್ವು."

"ಅಯ್ಯೋ ಯವ್ವಾ." ಕೆಳಗ ಕುಂತುಬಿಟ್ಟಳು.

ಆಮ್ಯಾಲ ಹೇಳಿದಳು. ಮನುಷ್ಯರ ಅಡಗಿ ಮನಿಯಿಂದ ಒಂದು ತುತ್ತು ಹಂದಿಗೆ ಹಾಕೋ ಹಂಗಿಲ್ಲ, ಅಲ್ಲಿ ಅದು ಕಾಯ್ದಾ. ಹಂಗ ಹಾಕಿದ್ರಿಂದ ರೋಗ ಬಂದು ಊರಿಗೂರೇ ಹಂದಿ ಸಾಯಬಹುದಂತ. ನಾನು ಅತ್ತ ಇತ್ತ ನೋಡಿದೆ, ಯಾರೂ ಇಲ್ಲ. ಕಾರೆನ್ ಮನಿ ಕಿಟಕಿ ಮುಚ್ಚಿತ್ತು.

"ಯಾರೂ ನೋಡಿಲ್ಲಲ್ಲ ಬೇ. ತಾಟು ತೊಳದು ಇಡ್ತೇನಿ. ಮುಗೀತು."

ಆಕಿ ನನ್ನ ನೋಡಿದಳು. ಎದ್ದು, ನೆಟ್ಟಗ ಹೆನ್ರಿಕ್ ಇದ್ದ ಕೊಟ್ಟಿಗಿಗೆ ಹೋದಳು. ನಾನು ಹಿಂದ ಓಡಿದೆ. ಚಪ್ಪಲಿ ಜಾರ್ತಿತ್ತು. ಕೊಟ್ಟಿಗಿ ಬಾಗಲಿಗೆ ಹೋಗೋದ್ರಾಗ ಆಕಿ ಹೇಳಿ ಮುಗಿಸಿದ್ಳು. ಕೈ ಮಾಡಿ ನನ್ನ ತೋರಿಸ್ತಿದ್ದಳು.

ನನ್ನ ಸ್ವಂತ ಮೊಮ್ಮಗಳು, ಪರದೇಶದಾಗ, ನನ್ನ ಮ್ಯಾಲ ಫಿರ್ಯಾದಿ ಕೊಟ್ಟಳು.

ಮಾತಿಲ್ಲದ ಎರಡು ದಿನ

ಡಾಕ್ಟರು ಬಂದ. ದನದ ಡಾಕ್ಟರು. ಮಾಂಸ ಇತ್ತೇನು, ತತ್ತಿ ಇತ್ತೇನು, ಹಾಲು ಬೆಣ್ಣಿ ಇತ್ತೇನು, ಎಷ್ಟು ಹಂದಿ ತಿಂದ್ವು. ಸುವರ್ಣಾ ಆಗಲೇ, ಕಡಬು ತಿಂದಿದ್ದ ಹಂದಿಗಳನ್ನ ಬ್ಯಾರೆ ಕಟ್ಟಿಸಿ, ಚೆಲ್ಲಿದ ಜಾಗದ ಮಣ್ಣು ಕೆರದು ಡಬ್ಬಿಯೊಳಗ ಮುಚ್ಚಿಸಿದ್ಳು. ಭಯ ಇಲ್ಲ ಅನಸ್ತದ, ಆದ್ರೂ ಕೆಲವು ದಿನ ಕಾಯಬೇಕು ಅಂದ ಡಾಕ್ಟರು. ಅಲ್ಲಿ ತನಕ ಆ ಹಂದಿ ಎಲ್ಲಿಗೂ ಹೋಗಂಗಿಲ್ಲ. ಹೆನ್ರಿಕ್ ಮನಿ ಸೆಗಣಿನೂ ಪ್ಲಾಂಟಿಗೆ ಹೋಗಂಗಿಲ್ಲ. ಮುಂಜಾನಿ ಬಂದ ಟ್ಯಾಂಕರ್ ಲಾರಿ ಗೇಟಿನಿಂದನೇ ತಿರಗಿ ಹೋತು. ಖಾಲಿ ಲಾರಿಯ ಬೆನ್ನು ನೋಡಿ ನನಗ ಅಳು ಬಂತು.

ನಮ್ಮೂರಾಗ ಒಬ್ಬರ ಎತ್ತು ಇನ್ನೊಬ್ಬರ ಹೊಲಕ್ಕ ಬಾಯಿ ಹಾಕಿದ್ರ ಓಣಿಗೆಲ್ಲಾ ಕೇಳೋಹಂಗ ಬೈತಾರ, ಸಂಜಿಗೆ ಮರೀತಾರ. ಹೆನ್ರಿಕ್ ಬೈಲಿಲ್ಲ. ಬಂದು, ಎಂದಿನಂಗ ನನಗ ಕಾಫಿ ಇಟ್ಟು ಹೋದ. ಆ ಕಾಫಿ ನಾನು ಮುಟ್ಟಲಿಲ್ಲ.

ಸುವರ್ಣಾ ಜೋಡಿ ನಾನು ಮಾತು ಬಿಟ್ಟೆ. ಆ ಇಡೀ ದೇಶದಾಗ ನನ್ನ ಮಾತು ತಿಳಿಯೋದು ಆಕಿಗೊಬ್ಬಾಕಿಗೆ, ಆಕಿ ಕೂಡನೇ ಮಾತಿಲ್ಲ. ಕೊಟ್ಟಿಗಿಗೆ ಹೋಗಿ ಆಕಳ ಮುಂದ ಹೇಳ್ಕೊಂಡೆ. "ನೋಡ್ರವ್ವಾ, ಎತ್ತಿ ಆಡಿಸಿದ ಕೂಸು ನನ್ನ ಕೈಮಾಡಿ ತೋರಿಸ್ತು." ಡೆನ್ಮಾರ್ಕಿನ ಆಕಳ ತಲಿ ಅಲ್ಲಾಡಿಸಿದ್ವು. ಅವೂ ಆಕಿ ಪಾರ್ಟಿನೇ ಇರಬೇಕು.

ಎರಡನೇ ದಿನ ಸುವರ್ಣಾ ಬಂದು ಪಕ್ಕದಾಗ ಕುಂತಳು. ನಾನು ಮಾರಿ ತಿರುವಿದೆ. ಆಕಿ ನನಗಲ್ಲ, ಆಕಳಿಗೆ ಹೇಳಿದಂಗ ಹೇಳಿದಳು.

"ಅರವತ್ತು ಮನಿ ಸೆಗಣಿ ಒಂದು ಕಡೆ ಬರ್ತದ. ಒಂದರಾಗ ಒಂದು ಕೂಡ್ತದ. ಅಲ್ಲಿಂದ ಅರವತ್ತೂ ಮನಿ ಹೊಲಕ್ಕ ಹೋಗ್ತದ. ಒಬ್ಬರ ಮನ್ಯಾಗಿನ ತಪ್ಪು ಮುಚ್ಚಿದ್ರ, ಅದೂ ಲಾರಿ ಹತ್ತಿ ಎಲ್ಲರ ಮನಿಗೆ ಹೋಗ್ತದ. ಗೊಬ್ಬರ ತಿರುಗಿದಂಗ ತಪ್ಪೂ ತಿರಗ್ತದ."

ನಾನು ಆಕಳ ಮುಂದಿನ ಹುಲ್ಲು ಸರಿಸಿದೆ.

"ನಾಳಿ ಸಭೆ ಕರದಾರ. ನನ್ನ ಹೆಸರು ತಗೀಬಹುದು."

ಆವಾಗ ನನಗ ನಿಜವಾದ ಹೆದರಿಕಿ ಹತ್ತಿತು. ನಾನು ಚೆಲ್ಲಿದ್ದು ಒಂದು ತಾಟು ಕಡಬಲ್ಲ. ಮೂರು ತಾಲೂಕಿನ ಪ್ಲಾಂಟು.

ಸಭೆ

ಉದ್ದನ ಮೇಜು. ಹತ್ತು ಹನ್ನೆರಡು ರೈತರು, ನಡುವ ಬೆಳ್ಳಿ ಕೂದಲಿನ ಅಧ್ಯಕ್ಷಿಣಿ. ಬ್ಯಾರೆ ಎರಡು ದೇಶದಿಂದ ಬಂದ ಹುಡುಗರೂ ಕುಂತಿದ್ರು. ನಾನು ಕುಂದ್ರೋಕಿಂತ ಮೊದಲ ಎದ್ದು ನಿಂತು ಹೇಳಿಬಿಟ್ಟೆ. "ಹಾಕಿದಾಕಿ ನಾನು. ಈ ಹುಡುಗಿದು ತಪ್ಪಿಲ್ಲ. ಈಕಿ ಹೆಸರು ತಗೀಬ್ಯಾಡ್ರಿ, ನನಗ ಏನು ಶಿಕ್ಷಾ ಕೊಡ್ತೀರಿ ಕೊಡ್ರಿ." ಸುವರ್ಣಾ ಅದನ್ನ ಅವರ ಮಾತಿನಾಗ ಹೇಳಿದಳು. ಪೂರ್ತಿ ಹೇಳಿದಳೋ ಇಲ್ಲೋ ದೇವರಿಗೆ ಗೊತ್ತು.

ಅಧ್ಯಕ್ಷಿಣಿ ನನಗ ಕೇಳಿದ್ಳು, ಯಾಕ ಚೆಲ್ಲಿದಿ ಅಂತ. ಹೇಳಿದೆ. ವರ್ಷಪೂರ್ತಿ ಉಣಿಸಿದ ಭೂಮಿಗೆ ಒಂದು ದಿನ ನಮಗಿಂತ ಮೊದಲ ಉಣಿಸೋದು. ಯಾರೂ ಕಣ್ಣೀರು ಹಾಕಲಿಲ್ಲ. ಬರಕೊಂಡ್ರು. ಎಷ್ಟು ಹೊತ್ತಿಗೆ, ಯಾವ ಮೂಲಿ, ಎಷ್ಟು ತುತ್ತು.

ಒಬ್ಬ ಗಡ್ಡದ ರೈತ ಏನೋ ಅಂದ. ಸುವರ್ಣಾ ತಿಳಿಸಿ ಹೇಳಿದಳು. "ಇನ್ನ ಮ್ಯಾಲ ಹಸಿರು ಚೀಲದಾಗ ಹಾಕ್ರಿ ಅಂತಾರ ಆಯಿ. ಹೆಂಗೂ ಗೊಬ್ಬರಾಗಿ ಹೊಲಕ್ಕೇ ಬರ್ತದಲ್ಲ ಅಂತ."

"ಆ ಚೀಲದಾಗ ಹೋಗೋದು ನಾವುಂಡು ಉಳಿದದ್ದು" ಅಂದೆ. "ಮನಿಗೆ ಬಂದ ಬೀಗರಿಗೆ ಉಳಿದದ್ದು ಹಾಕ್ತಾನೇನು ಕೇಳು ಅವನಿಗೆ."

ಆಕಿ ಹೇಳಿದಳು. ಕಾರೆನ್ ಕೆಮ್ಮಿದಂಗ ಮಾಡಿ ನಕ್ಕಳು. ಆದ್ರ ನಾನು ಹೇಳಿದ್ದೂ ಖರೇ, ಅವರ ಕಾಯ್ದಾನೂ ಖರೇ. ಅಲ್ಲಿ ಯಾರೂ ಗೆಲ್ಲಲಿಲ್ಲ.

ಕಡೀಕ ಅಧ್ಯಕ್ಷಿಣಿ ಸುವರ್ಣಾಳ ಕಡೆ ತಿರುಗಿ ಏನೋ ಕೇಳಿದಳು. ನಮ್ಮಾಕಿ ಉತ್ತರ ಕೊಟ್ಟಳು, ಸಣ್ಣದು. ನನಗ ತಡೀಲಿಕ್ಕೆ ಆಗಲಿಲ್ಲ, ಆಕಿ ತೋಳು ಜಗ್ಗಿದೆ.

"ಏನ್ ಕೇಳಿದಳು ಬೇ? ನೀ ಏನಂದಿ?"

"ಹೇಳಿದ್ರ ಜಾಗ ಹೋಗ್ತದಂತ ಗೊತ್ತಿತ್ತಲ್ಲ, ಯಾಕ ಹೇಳಿದಿ ಅಂದ್ರು."

"ನೀ?"

"ಇಲ್ಲಿ ಮುಚ್ಚಿಟ್ಟು ಕಲಿತರ, ಊರಿಗೆ ಹೋಗಿ ಮುಚ್ಚಿಡೋದನ್ನೇ ನಡಸ್ತೇನಿ ಅಂದೆ."

ನಾನು ಆಕಿ ತೋಳು ಬಿಡಲಿಲ್ಲ. ಸಭೆ ಮುಗಿಯೋ ತನಕ ಹಿಡದೇ ಕುಂತೆ. ತಿಳಸ್ತೇವಿ ಅಂದ್ರು, ಅಷ್ಟ. ನಾವು ಹೊಂಡೋ ಹಿಂದಿನ ದಿನ ಡಾಕ್ಟರಿಂದ ಹಂದಿಗೆ ಏನೂ ಇಲ್ಲಂತ ಖಬರ್ ಬಂತು. ಲಾರಿ ಮತ್ತ ಗೇಟಿನೊಳಗ ಬಂತು. ಹೆನ್ರಿಕ್ ಅದನ್ನ ನೋಡಾಕ ನನ್ನ ಕೈಹಿಡದು ಅಂಗಳಕ್ಕ ಕರಕೊಂಡು ಹೋದ. ಆದ್ರ ಸುವರ್ಣಾಳ ಹೆಸರು ಉಳೀತೋ ತಗದ್ರೋ ಅಂತ ಯಾರೂ ಹೇಳಲಿಲ್ಲ. ಊರಿಗೆ ಬಂದ ಮ್ಯಾಲ ದಿನಾ ಆಕಿ ಮೊಬೈಲ್ ಸಪ್ಪಳಾತಂದ್ರ ನನ್ನ ಜೀವ ಹಾರ್ತಿತ್ತು.

ಅತನೂರ, ಇವತ್ತ ಸಂಜಿ

ಖಬರ್ ಕೇಳಿ ಯಡ್ರಾಮಿಯಿಂದ ಮಗಳು ಮಕ್ಕಳನ್ನ ಕಟ್ಟಿಕೊಂಡು ಬಂದಳು. ಸೊಸಿ ಬೆಳಿಗ್ಗಿಂದ ಒಲಿ ಮುಂದಿಂದ ಎದ್ದಿಲ್ಲ. ಪಡಸಾಲಿಯೊಳಗ ಎಲ್ಲಾರೂ ಸಾಲಾಗಿ ಕುಂತ್ವಿ, ನಮ್ಮ ಯಜಮಾನರು, ಮಗ, ಮಕ್ಕಳು, ನಡುವ ಸುವರ್ಣಾ. ಆರಿಸಿದ ಪತ್ರ ಓದಿ ಕನ್ನಡದಾಗ ಹೇಳು ಅಂದ್ರು. ಆಕಿ ಓದಿದಳು. ಕಡೀಕ ಒಂದು ಸಾಲಿತ್ತು, ಎಳ್ಳಮಾಸಿ ದಿನ ಆಕಿ ನಡಕೊಂಡ ರೀತಿ ನೋಡಿ ಆರಿಸೇವಿ ಅಂತ. ಅದನ್ನ ಆಕಿ ಹಾರಿಸಿದಳು. ನನಗ ಮುಂಜಾನಿನೇ ಓದಿ ಹೇಳಿದ್ಳು, ಹಾರಿಸಿದ್ದು ಗೊತ್ತಾತು.

ನಾನು ರೊಟ್ಟಿ ಮುರಿಯೋದು ಬಿಟ್ಟು ಎಲ್ಲಾ ಹೇಳಿಬಿಟ್ಟೆ. ಕಡಬು, ಹಂದಿ, ಡಾಕ್ಟರು, ಫಿರ್ಯಾದಿ.

ಶಿವಶರಣ ತುತ್ತು ಕೈಯಾಗ ಹಿಡದು ಹಂಗೇ ಕುಂತ. "ಕೈ ಹಾಕಬ್ಯಾಡ ಅಂದಿದ್ನಲ್ಲ ಯವ್ವಾ."

"ಸ್ವಂತ ಆಯಿ ಮ್ಯಾಲ?" ಅಂದಳು ಯಡ್ರಾಮಿ ಮಗಳು.

ಯಜಮಾನರು ನಿಧಾನಕ್ಕ ಮಜ್ಜಿಗಿ ಕುಡದು, ಮೀಸಿ ಒರಸಿಕೊಂಡು ಅಂದ್ರು, "ಐವತ್ತು ವರ್ಷದಿಂದ ಈಕಿ ಮ್ಯಾಲ ಫಿರ್ಯಾದಿ ಕೊಡಬೇಕಂತ ನಾ ತಿರಗಾಕತ್ತೇನಿ. ಧೈರ್ಯ ಆಗಲಿಲ್ಲ. ಹುಡುಗಿ ಕೊಟ್ಟಳು ನೋಡು."

ಸೊಸಿ ಒಲಿ ಮುಂದಿಂದ ನಕ್ಕ ಸಪ್ಪಳ ಕೇಳಿಸ್ತು. ಸುವರ್ಣಾ ತಲಿ ತಾಟಿನೊಳಗ ಹಾಕಿ ಕುಂತಿದ್ದಳು, ಕಿವಿ ಕೆಂಪಗಾಗಿದ್ವು.

"ಮುಂದ ನಮ್ಮ ಪ್ಲಾಂಟ್ ನಿಂತ ಮ್ಯಾಲ ನಾ ಏನರೆ ತಪ್ಪು ಮಾಡಿದ್ರ?" ಅಂತ ಕೇಳಿದೆ.

"ಮೊದಲ ನಿನ್ನ ಹೆಸರು ಬರೀತೇನಿ ಆಯಿ" ಅಂದಳು, ತಲಿ ಎತ್ತದನೇ.

"ಬರಿ ಬೇ" ಅಂದೆ. ಆಕಿ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ಬ್ಯಾಡ ಅನ್ನಲಿಲ್ಲ, ಮುರಕೊಂಡು ಉಂಡಳು.